ಹನ್ನೊಂದನೇ ಸಾಲಿನ ಕೀಟ

ತೊಗರಿ ಗಿಡ ನೀರಡಿಸಿದರೆ ಕೂಗುತ್ತದೆ ಅಂದರೆ ನೀವು ನಗುತ್ತೀರಿ. ನಗ್ರಿ, ತಪ್ಪೇನಿಲ್ಲ. ಹರನಾಳಗಿಯ ಹೆಣ್ಮಕ್ಕಳೂ ಮೊದಲು ಬಾಯಿಗೆ ಸೆರಗು ಹಿಡಿದು ನಕ್ಕವರೇ. ಆದರೆ ತಳಿ ವಿಜ್ಞಾನಿ ಮಹಾನಂದಾ ಕಟ್ಟಿಮನಿ ಕಾಳಿನಷ್ಟೇ ದೊಡ್ಡದಾದ ಒಂದು ಗುಂಡಿಯನ್ನು ಗಿಡದ ದಂಟಿಗೆ ಸಿಕ್ಕಿಸಿ, ಅದು ಕೇಳಿದ್ದನ್ನು ಮೊಬೈಲಿನಲ್ಲಿ ದೊಡ್ಡದು ಮಾಡಿ ಕೇಳಿಸಿದಾಗ ಎಲ್ಲರೂ ಗಪ್ಪಾದರು. ಟಕ್. ಟಕ್ ಟಕ್. ಬೇರಿನಿಂದ ಮೇಲೇರುವ ನೀರಿನ ಎಳೆ ದಂಟಿನೊಳಗೆ ಕಡಿದಾಗಲೆಲ್ಲ ಆ ಸದ್ದು. ನೆಲ ಒಣಗಿದಷ್ಟೂ ಸದ್ದು ಹೆಚ್ಚು.

"ಯವ್ವಾ, ಖರೇನೇ ಒದರ್ಲತ್ತದಲ್ಲ!" ಎಂದು ಹುಸೇನಬಿ ಎದೆಯ ಮೇಲೆ ಕೈಯಿಟ್ಟುಕೊಂಡಳು. ಪ್ರಯೋಗ ನಡೆಯುತ್ತಿದ್ದದ್ದು ಅವಳದೇ ಹೊಲದಲ್ಲಿ. ಅವತ್ತಿನಿಂದ ಊರಲ್ಲಿ ಆ ಗುಂಡಿಗೆ ಕಿವಿ ಅಂತಲೇ ಹೆಸರಾಯಿತು.

ಈ ಕಿವಿಗಳು ಕೂಟದವು. ಮಳೆ ಬಿಟ್ಟರೆ ಬೇರೆ ನೀರು ಕಾಣದ ಎರಡೆಕರೆ, ಮೂರೆಕರೆಯ ಒಕ್ಕಲಿಗೆ ಒಳ್ಳೆಯ ತೊಗರಿ ಕೊಡಬೇಕೆಂದು ಐದು ದೇಶಗಳು ಸೇರಿ ಕಟ್ಟಿದ ಸಂಶೋಧನಾ ಕೂಟ ಅದು. ಅದೇ ತಳಿಗಳನ್ನು ಕಲಬುರಗಿ ಸೀಮೆಯಲ್ಲೂ ಬಿತ್ತಬೇಕು, ಮಲಾವಿಯಲ್ಲೂ ಬಿತ್ತಬೇಕು, ಮ್ಯಾನ್ಮಾರಿನ ಒಣನಾಡಿನಲ್ಲೂ ಬಿತ್ತಬೇಕು. ಎಲ್ಲ ಹೊಲಗಳ ಕಿವಿಗೆ ಬಿದ್ದದ್ದು ಕಲಬುರಗಿಯ ಹೊರಗಿದ್ದ ಕೇಂದ್ರದ ಒಂದು ದೊಡ್ಡ ಯಂತ್ರಕ್ಕೆ ಬಂದು ಸೇರುತ್ತಿತ್ತು. ಅದಕ್ಕೆ ತಕ್ಕಡಿ ಅಂತ ಹೆಸರಿಟ್ಟಿದ್ದರು. ಯಾವ ತಳಿ ಉಳಿಯಬೇಕು, ಯಾವುದು ಹೋಗಬೇಕು ಎಂದು ತೂಗಿ ಹೇಳುವುದು ಅದರ ಕೆಲಸ.

ಹೋಗುವುದೆಂದರೆ ಕಾಯಂ ಹೋಗುವುದು. ಯಾವುದೋ ಕಂಪನಿ ಬಂದು ಬೀಜ ಹೊತ್ತೊಯ್ದು ತನ್ನದೆಂದು ಮಾರಬಾರದೆಂದು ಕೂಟದವರು ಪ್ರಯೋಗದ ಬೀಜಕ್ಕೆ ಒಳಗಿನಿಂದಲೇ ಬೀಗ ಹಾಕಿದ್ದರು. ಬರೀ ಮಳೆಗೆ ಅದು ಮೊಳೆಯುತ್ತಿರಲಿಲ್ಲ. ಕೇಂದ್ರದಿಂದ ಬರುವ ಎಚ್ಚರದ ನೀರಿನಲ್ಲಿ ನೆನೆಸಿದರೆ ಮಾತ್ರ ಕಣ್ಣು ಬಿಡುತ್ತಿತ್ತು. ಒಂದೊಂದು ತಳಿಗೆ ಒಂದೊಂದು ನೀರು, ಅದನ್ನು ಕಲಸುವ ಹದ ತಕ್ಕಡಿಯ ಹೊಟ್ಟೆಯಲ್ಲಿ. ಊರವರು ಅದಕ್ಕೆ ತೀರ್ಥ ಅನ್ನುತ್ತಿದ್ದರು. ಒಳ್ಳೆಯ ಮನಸ್ಸಿನಿಂದಲೇ ಹಾಕಿದ ಬೀಗ, ಇಲ್ಲವೆನ್ನುವುದಿಲ್ಲ. ಆದರೆ ತಕ್ಕಡಿ ಒಂದು ತಳಿಯನ್ನು ಕೈಬಿಟ್ಟಿತೆಂದರೆ ಅದರ ತೀರ್ಥವೂ ನಿಂತಿತು. ಆಮೇಲೆ ಆ ಬೀಜ ಬ್ಯಾಳಿ ಕುದಿಸಲಿಕ್ಕೆ ಬಂದೀತೇ ವಿನಾ ಬಿತ್ತಲಿಕ್ಕೆ ಬಾರದು.

ಹನ್ನೊಂದನೇ ಸಾಲಿನ ತಳಿ ಮಹಾನಂದಾಳದು. ಹರನಾಳಗಿಯ ಬದುವಿನ ಮೇಲೆ ತಲೆತಲಾಂತರದಿಂದ ನಿಂತಿದ್ದ ಕರಿಕಾಯಿ ತೊಗರಿಗೂ, ಮಲಾವಿಯಿಂದ ಚಿಸೊಮೊ ಎಂಬ ಸಂಶೋಧಕಿ ಕಳಿಸಿದ ತಳಿಗೂ ಸಂಕರ ಮಾಡಿ, ವರ್ಷಗಟ್ಟಲೆ ಆರಿಸಿ ಆರಿಸಿ ತೆಗೆದದ್ದು. ಅದರ ಬೇರು ಪಾತಾಳಕ್ಕಿಳಿದು ತಂಪು ಎಳೆದು ತಂದು ಪಕ್ಕದ ಜೋಳದ ಬುಡಕ್ಕೂ ಇಷ್ಟು ಕೊಡುತ್ತಿತ್ತು. ಹೋದ ವರ್ಷ ಹೂವಿನ ಹೊತ್ತಿಗೆ ಮಳೆ ಕೈಕೊಟ್ಟಾಗ ಉಳಿದ ಸಾಲುಗಳ ಕಿವಿಗಳಲ್ಲಿ ಟಕಟಕ ಬೊಬ್ಬೆ. ಹನ್ನೊಂದರಲ್ಲಿ ಸದ್ದೇ ಇಲ್ಲ. ಊರವರು ಅದನ್ನು ನಂಬರಿನಿಂದ ಕರೆಯುತ್ತಿರಲಿಲ್ಲ. ಸಕ್ರಿಗಾಯಿ ಅನ್ನುತ್ತಿದ್ದರು.

ಅಂಥ ಹನ್ನೊಂದನ್ನು ತಕ್ಕಡಿ ಕೈಬಿಟ್ಟಿತು.

ನಿಯಂತ್ರಣ ಕೊಠಡಿಯ ಗೋಡೆಯುದ್ದದ ಪರದೆಯ ಮೇಲೆ ಹನ್ನೊಂದರ ಸಾಲು ಕೆಂಪಾಗಿ ನಿಂತಿತ್ತು. ಮಹಾನಂದಾ ಅದನ್ನು ಮತ್ತೆ ಮತ್ತೆ ಓದಿದಳು. ಚೀಲಕ್ಕೆ ಬಂದ ಕಾಳು ಕಡಿಮೆ. ಕಾರಣ: ತೀವ್ರ ಕೀಟಬಾಧೆ. ಕೀಟ: ಅಪರಿಚಿತ.

"ಸರ್, ಯಾವ ಕೀಟ ಇದು?" ಎಂದು ಕೇಂದ್ರದ ನಿರ್ದೇಶಕ ಮಲ್ಹಾರರಾವ್ ದೇಸಾಯರನ್ನು ಕೇಳಿದಳು. "ಹುಳ ಕಂಡವರಿಲ್ಲ, ಹಿಕ್ಕಿ ಇಲ್ಲ, ಕಾಯಿಗೆ ತೂತಿಲ್ಲ. ಕಾಯಿ ಇದ್ದಕ್ಕಿದ್ದಂಗ ಮಾಯ ಆಗ್ತಾವೇನು?"

"ಕಿವಿಗೆ ಕೇಳ್ಯದಲ್ಲ, ಕಾಯಿ ಮುರಿದ ಸದ್ದು. ಮೂರು ವರ್ಷದಿಂದ ಕೇಳ್ಲತ್ತದ. ಮಲಾವಿಯೊಳಗೂ ಅದೇ ಸಾಲಿಗೇ ಕೇಳ್ಯದ." ದೇಸಾಯರು ಕನ್ನಡಕ ತೆಗೆದು ಒರೆಸಿಕೊಂಡರು. ಅವರೇನು ಕೆಟ್ಟವರಲ್ಲ. ಈ ಕೂಟವನ್ನು ಕಟ್ಟಲಿಕ್ಕೆ ಅರ್ಧ ಆಯುಷ್ಯ ಸವೆಸಿದವರು, ಎಲ್ಲಿ ಮುರಿದುಬಿದ್ದೀತೋ ಅನ್ನುವ ಅಂಜಿಕೆ ಒಂದೇ. "ಎರಡು ಖಂಡದಾಗ ಒಂದೇ ತಳಿಗೆ ಗಂಟುಬೀಳೋ ಕೀಟ ಅಂದ್ರ ಸಣ್ಣ ಮಾತಲ್ಲ. ಅದು ಉಳಿದ ಬೆಳಿಗೆ ಹಬ್ಬಿದ್ರ ಗತಿ ಏನು? ಬಿಟ್ಟುಬಿಡ್ರಿ ಮಹಾನಂದಾ ಅವರ. ಮುಂದಿನ ವಾರ ಐದೂ ದೇಶದ ಸಭೆ ಅದ, ಅವತ್ತು ತೀರ್ಮಾನ ಗಟ್ಟಿ ಮಾಡ್ತಾರ."

"ಅವತ್ತು ಎಳ್ಳಮವಾಸಿ ಸರ್, ಊರೆಲ್ಲಾ ಹೊಲದಾಗ ಇರ್ತದ."

"ಐದು ದೇಶದ ಕ್ಯಾಲೆಂಡರಿನಾಗ ಎಳ್ಳಮವಾಸಿ ಎಲ್ಲಿಂದ ತರ್ಲಿ?"

ಸಿಟ್ಟಿನಲ್ಲೇ ಮಹಾನಂದಾ ತನ್ನೂರು ಹರನಾಳಗಿಗೆ ಹೋದಳು. ಮುಂಜಾನೆಯಿಂದ ಭೂತಗನ್ನಡಿ ಹಿಡಿದು ಸಾಲು ಸಾಲು ತಿರುಗಿದಳು, ಎಲೆ ಮಗುಚಿದಳು, ಬುಡ ಕೆದರಿದಳು. ಒಂದು ಹುಳ ಸಿಕ್ಕಿದ್ದರೆ ಅದರ ಕಾಲಿಗೆ ಬೀಳುತ್ತಿದ್ದಳೇನೋ, ಅಷ್ಟು ಹುಡುಕಿದಳು. ಊಟದ ಹೊತ್ತಿಗೆ ಸೋತು ಅವ್ವನ ಅಡುಗೆಮನೆಗೆ ಬಂದು ಕೂತಳು.

ಅವ್ವ ಗುರಬಸವ್ವ ರೊಟ್ಟಿ ಬಡಿಯುತ್ತಿದ್ದಳು. ಮಗಳ ಮೋರೆ ನೋಡಿಯೇ ಏನನ್ನೂ ಕೇಳದೆ, ಉಪ್ಪು ಹಾಕಿ ಕುದಿಸಿದ ಹಸಿ ಕಾಯಿಗಳ ಬುಟ್ಟಿಯನ್ನು ಮುಂದಕ್ಕೆ ತಳ್ಳಿದಳು. ಮಹಾನಂದಾ ಒಂದೊಂದೇ ಕಾಯಿಯನ್ನು ಹಲ್ಲಿಗೆ ಸಿಕ್ಕಿಸಿ ಎಳೆದು ಕಾಳು ಉಳಿಸಿಕೊಂಡು ಸಿಪ್ಪೆ ಒಗೆಯುತ್ತ ತನ್ನ ಗೋಳು ತೋಡಿಕೊಂಡಳು.

"ಎಂಥಾ ಕೀಟ ಇರಬೇಕವ್ವಾ? ಬ್ಯಾರೆ ಸಾಲು ಮುಟ್ಟಂಗಿಲ್ಲ. ಹನ್ನೊಂದೇ ಬೇಕು ಅದಕ್ಕ. ಅದೂ ಎಳೇ ಕಾಯಿ, ಕಾಳು ತುಂಬಿದ ಹೊತ್ತಿಗೆ ಸರಿಯಾಗಿ ಬರ್ತದ. ಬಲ್ತ ಮ್ಯಾಲ ಮುಟ್ಟಂಗಿಲ್ಲ."

"ಭಾರಿ ರುಚಿಗಾರ ಹುಳ ಬಿಡು," ಎಂದಳು ಅವ್ವ. "ನೀ ತಿನ್ನು, ಆರ್ತಾವ."

"ಹುಳ ಕಡಿದ ಸಿಪ್ಪಿ ಒಂದೂ ಇಲ್ಲ ನೋಡು ಗಿಡದ ಕೆಳಗ. ಇಡೀ ಕಾಯಿನೇ ಒಯ್ತದ."

ಅಂದವಳು ಸಿಪ್ಪೆ ಒಗೆಯಲಿಕ್ಕೆ ಕೈ ಚಾಚಿದಳು. ಅವಳ ಮುಂದೆ ಆಗಲೇ ಸಿಪ್ಪೆಯ ಗುಡ್ಡ ಬಿದ್ದಿತ್ತು. ಆ ಸಿಪ್ಪೆಯ ಮೇಲೆ ಕರೀ ಗೆರೆ. ಆ ಗೆರೆಯನ್ನು ಅವಳಿಗಿಂತ ಚೆನ್ನಾಗಿ ಬಲ್ಲವರು ಲೋಕದಲ್ಲಿ ಯಾರೂ ಇರಲಿಲ್ಲ. ಅಗಿಯುತ್ತಿದ್ದ ಬಾಯಿ ನಿಂತಿತು.

"ಯವ್ವಾ, ಇವು ಎಲ್ಲಿವು?"

"ಹುಸೇನಬಿ ಹೊಲದ್ದು. ಸಕ್ರಿಗಾಯಿ. ಬರೋವಾಗ ಹರಕೊಂಡು ಬಂದೆ." ಅವ್ವ ರೊಟ್ಟಿ ತಿರುವಿ ಹಾಕಿದಳು. "ಯಾಕ, ಉಪ್ಪು ಕಡಿಮಿ ಆಗ್ಯದೇನು?"

ಆ ಸೀಮೆಯಲ್ಲಿ ಇದೊಂದು ಬರೆಯದ ಕಾಯಿದೆ. ಹಸಿ ಕಾಯಿಯ ಕಾಲದಲ್ಲಿ ಯಾರ ಹೊಲದಲ್ಲಿ ಹಾದುಹೋದರೂ ಒಂದು ಹೊತ್ತಿನ ಬಾಯಿಗಾಗುವಷ್ಟು ಹರಿದುಕೊಳ್ಳಬಹುದು. ಅದು ಕಳವಲ್ಲ. ಮಾರಲಿಕ್ಕೆ ಹರಿದರೆ ಮಾತ್ರ ಕಳವು. ಕೂಲಿಯವರು, ಕುರಿಯವರು, ಸಾಲಿ ಹುಡುಗರು, ಬಸ್ ಕೆಟ್ಟು ನಿಂತರೆ ಬಸ್ಸಿನ ಮಂದಿಯೂ ಹರಿದು ತಿನ್ನುತ್ತಾರೆ. ಒಕ್ಕಲಿಗ ನೋಡಿದರೆ, "ಆ ಕಡಿ ಗಿಡದ್ದು ಹರಕೋರಿ, ಅವು ಇನ್ನೂ ಎಳೇವು ಅದಾವ" ಅನ್ನುತ್ತಾನೆ. ಹೊಲದಲ್ಲಿ ಬೇರೆ ಸಾಲುಗಳ ಕಾಯಿ ಸಪ್ಪಗೆ ಇದ್ದು ಒಂದರದು ಮಾತ್ರ ಸಕ್ಕರೆಯಾಗಿದ್ದರೆ ಕೈ ಎಲ್ಲಿಗೆ ಹೋದೀತು? ಮಹಾನಂದಾ ತಾನೇ ಪ್ರತಿ ಸಲ ಅಳತೆಗೆ ಬಂದಾಗಲೂ ಒಂದು ಕೈಯಲ್ಲಿ ಬರೆಯುತ್ತ ಇನ್ನೊಂದರಲ್ಲಿ ಕಾಯಿ ಸುಲಿದು ತಿಂದಿದ್ದಳು. ಹುಟ್ಟಿದಾಗಿನಿಂದ ಮಾಡಿದ್ದನ್ನು ಯಾರಾದರೂ ಲೆಕ್ಕಕ್ಕೆ ಹಿಡಿಯುತ್ತಾರೆಯೇ?

ಅರ್ಧ ಊಟಕ್ಕೇ ಎದ್ದು ಹುಸೇನಬಿಯ ಮನೆಗೆ ಓಡಿದಳು.

"ಯಕ್ಕಾ, ರಾಶಿಗೆ ಮೊದಲು ಯಾರರೆ ಬೆಳಿ ತಗದಾರೇನು ಅಂತ ವರ್ಷಾ ವರ್ಷಾ ಕೇಳಿನಲ್ಲ? ಇಲ್ಲ ಅಂತಿದ್ದಿಯಲ್ಲ?"

"ಇಲ್ಲ ಮತ್ತ! ಅಲ್ಲಾನ ಆಣೆ, ಒಂದು ಕಾಳೂ ಯಾರೂ ತಗದಿಲ್ಲ."

"ಹಂಗಾದ್ರ ಈ ಕಾಯಿ?"

ಹುಸೇನಬಿ ಅವಳನ್ನು ಕನಿಕರದಿಂದ ನೋಡಿದಳು. "ಇದು ಬರೇ ತಿಂದದ್ದು ನಂದವ್ವಾ. ತಿಂದದ್ದಕ್ಕ ಯಾರರೆ ಬೆಳಿ ತಗದದ್ದು ಅಂತಾರೇನು?"

ಮರುದಿನ ಕೇಂದ್ರದಿಂದ ಮಹಾನಂದಾ ಮಲಾವಿಗೆ ಕರೆ ಮಾಡಿದಳು. ಇಬ್ಬರ ನಡುವೆ ತಕ್ಕಡಿಯೇ ದುಭಾಷಿ. ಅದರ ಕನ್ನಡವೋ ಪಾಠದ ಪುಸ್ತಕದ್ದು. ಸಂಗತಿ ಕೇಳಿದ ಚಿಸೊಮೊ ಮೇಜು ಬಡಿದು ಬಡಿದು ನಕ್ಕಳು.

"ನಮ್ಮಲ್ಲಿನ ಕೀಟವು ಮಗುವನ್ನು ಬೆನ್ನಿಗೆ ಕಟ್ಟಿಕೊಂಡು ಹಾಡುತ್ತಾ ಬರುತ್ತದೆ," ಎಂದಿತು ತಕ್ಕಡಿ, ನಗುವಿನ ಗಂಧವೂ ಇಲ್ಲದ ದನಿಯಲ್ಲಿ. "ಸಂತೆಯಿಂದ ಮರಳುವಾಗ ನಾನೂ ತಿಂದಿರುತ್ತೇನೆ. ಗೆಳತೀ, ನಾವು ಎಂತಹ ಮೂರ್ಖರು!"

ನಗು ಅಷ್ಟಕ್ಕೇ ಮುಗಿಯಿತು. ದೇಸಾಯರು ವಿಷಯ ಕೇಳಿ ಬಾಗಿಲು ಹಾಕಿ ಬಂದರು.

"ಈ ಮಾತು ಇಲ್ಲಿಗೇ ಬಿಡ್ರಿ. ಕರಾರಿನಾಗ ಏನದ? ಪ್ರಯೋಗದ ಬೆಳಿ ಯಾರೂ ಮುಟ್ಟಬಾರದು. ಮುಟ್ಟಿದ್ರ ಊರನ್ನ ಕೂಟದಿಂದ ತಗದು ಹಾಕ್ತಾರ. ಎಲ್ಲಾ ತಳಿ ಬೀಜಾನೂ ವಾಪಸ್ ಕೊಡಬೇಕು, ತೀರ್ಥಾನೂ ಬಂದ್. ಒಂದು ತಳಿ ಸಲುವಾಗಿ ಊರಿಗೆ ಊರೇ ಕಳಕೊಳ್ತೀರೇನು?"

"ಸುಮ್ಮನಿದ್ರ ಸಕ್ರಿಗಾಯಿ ಸಾಯ್ತದ ಸರ್."

"ಸಾಯಲಿ. ಇನ್ನೊಂದು ಮಾಡೀರಿ."

ಮಳೆ ಕೈಕೊಟ್ಟರೂ ನಿಲ್ಲುವ, ಪಕ್ಕದ ಬೆಳೆಗೂ ತಂಪು ಕೊಡುವ, ಮಕ್ಕಳು ಬೇಡಿ ತಿನ್ನುವ ತೊಗರಿ ಇನ್ನೊಂದು ಎಲ್ಲಿಂದ ಬರುತ್ತದೆ? ಆದರೂ ಊರಿನ ಪಾಲನ್ನು ತಾನೊಬ್ಬಳೇ ಪಣಕ್ಕಿಡಲಾರದೆ ಮತ್ತೆ ಹರನಾಳಗಿಗೆ ಹೋಗಿ, ಹುಸೇನಬಿಯ ಅಂಗಳದಲ್ಲಿ ಹೆಣ್ಮಕ್ಕಳನ್ನು ಸೇರಿಸಿ ಇದ್ದದ್ದನ್ನು ಇದ್ದಹಾಗೆ ಹೇಳಿದಳು. ಬಾಯಿ ಬಿಟ್ಟರೆ ಊರು ಹೊರಗೆ, ಬಿಡದಿದ್ದರೆ ಸಕ್ರಿಗಾಯಿ ಹೊರಗೆ.

ಮೊದಲು ಸಿಡಿದವಳು ಅವ್ವ ಗುರಬಸವ್ವ.

"ಅಂದ್ರ ನಾವು ಕೀಟ?"

"ಯಂತ್ರ ಹಂಗಂತದವ್ವಾ."

"ಅದರ ಬಾಯಾಗ ಮಣ್ಣು ಹಾಕ್ಲಿ! ನಮ್ಮ ಹೊಲ, ನಮ್ಮ ಬೆವರು, ನಮ್ಮ ಬಾಯಿ. ಬೆಳಿ ಬೆಳೆಯೋದು ಮತ್ತ್ಯಾಕ, ಯಂತ್ರಕ್ಕ ತೋರಸ್ಲಿಕ್ಕೇನು?"

ಹುಸೇನಬಿ ದನಿ ಏರಿಸಲಿಲ್ಲ. "ನಂದವ್ವಾ, ಕದ್ದು ತಿಂದವರು ಮುಚ್ಚಿಡಬೇಕು. ನಾವು ಹಾಡಹಗಲು ತಿಂದೀವಿ. ಎಳ್ಳಮವಾಸಿ ದಿನ ನಿಮ್ಮ ಸಭಾಕ್ಕ ನಮ್ಮ ಹೊಲ ಫೋನಿನಾಗ ಕಾಣ್ತದಿಲ್ಲೋ? ಬರ್ತೀವಿ ಬಿಡು. ಅವರ ಎದುರಿಗೇ ತಿಂತೀವಿ. ತಗದು ಹಾಕಲಿ ನೋಡೋಣು."

"ಹಾಕಿದ್ರ?"

"ಹಾಕಿದ್ರ ಹಾಕಲಿ. ಬಾಯಿ ಮುಚ್ಕೊಂಡು ಉಳಿಸ್ಕೊಂಡ ಬೀಜ ನನಗಂತೂ ಬ್ಯಾಡ."

ಎಳ್ಳಮವಾಸೆಯ ದಿನ ನಿಯಂತ್ರಣ ಕೊಠಡಿಯ ಗೋಡೆಯ ಮೇಲೆ ಐದು ದೇಶಗಳ ಮುಖಗಳು. ನಡುವೆ ಅಧ್ಯಕ್ಷೆ ಖಿನ್ ಥಿರಿ, ಮ್ಯಾನ್ಮಾರಿನ ವಯಸ್ಸಾದ ವಿಜ್ಞಾನಿ, ಮಾತು ಕಡಿಮೆ. ಹನ್ನೊಂದರ ಸರದಿ ಬಂದಾಗ ಮಹಾನಂದಾ ಎದ್ದು ನಿಂತಳು. ದೇಸಾಯರು ಅವಳ ಸೀರೆಯ ಸೆರಗು ಎಳೆಯುವುದೊಂದು ಬಾಕಿ.

"ಈ ಕೀಟವನ್ನು ನಾನು ಹಿಡಿದಿದ್ದೇನೆ. ಈಗಲೇ ತೋರಿಸುತ್ತೇನೆ. ಹರನಾಳಗಿಯ ಹೊಲ ನೋಡಿರಿ."

ಊರ ಹುಡುಗನೊಬ್ಬ ಹಿಡಿದ ಫೋನಿನಿಂದ ಪರದೆಯ ಮೇಲೆ ಹೊಲ ಬಂತು. ಹಬ್ಬದ ಅಡುಗೆಯ ಬುಟ್ಟಿ ತಲೆಯ ಮೇಲಿಟ್ಟುಕೊಂಡು ಊರಿಗೆ ಊರೇ ಬರುತ್ತಿತ್ತು. ಸಜ್ಜೆರೊಟ್ಟಿ, ಕಡುಬು, ಭಜ್ಜಿಪಲ್ಯ. ಭೂಮಿತಾಯಿಗೆ ಚರಗವೆಂದು ಅಡುಗೆಯ ತುತ್ತು ಚೆಲ್ಲಿ, ಉಂಡು, ಹೊಲದಲ್ಲೇ ದಿನ ಕಳೆಯುವ ಹಬ್ಬ ಅದು. ಬುಟ್ಟಿ ಇಳಿಸಿದ ಹೆಣ್ಮಕ್ಕಳು ನೇರ ಹನ್ನೊಂದನೇ ಸಾಲಿಗೆ ನುಗ್ಗಿದರು. ಕೈಗಳು ಆಡತೊಡಗಿದವು.

ಕೊಠಡಿಯಲ್ಲಿ ಗಂಟೆ ಬಡಿಯಿತು. "ತೀವ್ರ ಕೀಟಬಾಧೆ," ಎಂದಿತು ತಕ್ಕಡಿ. "ಹನ್ನೊಂದನೇ ಸಾಲು. ತೀವ್ರ ಕೀಟಬಾಧೆ."

"ಎಲ್ಲರೂ ನಿಲ್ರಿ!" ಎಂದು ಮಹಾನಂದಾ ಫೋನಿನಲ್ಲಿ ಕೂಗಿದಳು. ಕೈಗಳು ನಿಂತವು. ಗಂಟೆಯೂ ನಿಂತಿತು. "ಹುಸೇನಬಿ ಅಕ್ಕಾ, ನೀ ಒಬ್ಬಾಕಿ ಹತ್ತು ಕಾಯಿ ಹರಿ."

ಹುಸೇನಬಿ ಕ್ಯಾಮೆರಾ ಕಡೆ ಮುಖ ಮಾಡಿ ಒಂದೊಂದೇ ಎಣಿಸಿ ಹರಿದಳು.

"ಹತ್ತು ಕಾಯಿ ನಷ್ಟ," ಎಂದಿತು ತಕ್ಕಡಿ. "ಕೀಟ: ಅಪರಿಚಿತ."

ಅಷ್ಟರಲ್ಲಿ ಚಿಸೊಮೊ ತನ್ನ ಹಿಂದಿನ ಕಿಟಕಿ ತೆರೆದಳು. ಮಲಾವಿಯಲ್ಲಿ ಆಗ ಕಾಯಿಯ ಕಾಲವಲ್ಲ, ಗಿಡ ಇನ್ನೂ ಮೊಣಕಾಲೆತ್ತರ. ಆದರೆ ಆ ಗಿಡಗಳ ನಡುವೆ ಸಾಲಾಗಿ ನಿಂತ ಹೆಣ್ಮಕ್ಕಳು ಕೈಯೆತ್ತಿ ಏನೋ ಕೂಗಿದರು. "ನಾವೂ ತಿಂದಿದ್ದೇವೆ, ಮುಂದೆಯೂ ತಿನ್ನುತ್ತೇವೆ," ಎಂದು ತಕ್ಕಡಿ ಶಿಸ್ತಾಗಿ ಅನುವಾದಿಸಿತು. "ಹರನಾಳಗಿಯನ್ನು ತೆಗೆದರೆ ನಮ್ಮನ್ನೂ ತೆಗೆಯಿರಿ," ಎಂದಳು ಚಿಸೊಮೊ.

ಮಹಾನಂದಾ ಕಾಯಲಿಲ್ಲ. "ಮೂರು ವರ್ಷದಲ್ಲಿ ಕೀಟಬಾಧೆ ಅಂತ ಕಳೆದದ್ದೆಲ್ಲ ಮಕ್ಕಳ ಹೊಟ್ಟೆಗೆ ಹೋದ ಕಾಳು. ಒಂದು ಕಾಯಿಯೂ ಲೆಕ್ಕ ತಪ್ಪಿಲ್ಲ, ಕಿವಿ ಪ್ರತಿಯೊಂದನ್ನೂ ಎಣಿಸಿದೆ. ಅದನ್ನು ಚೀಲದ ಕಾಳಿಗೆ ಕೂಡಿಸಿ ತೂಗಲಿ."

ಊರನ್ನು ತೆಗೆಯುವ ಮಾತನ್ನು ಯಾರೂ ಎತ್ತಲಿಲ್ಲ; ಖಿನ್ ಥಿರಿ ಒಪ್ಪಿ ತಲೆಯಾಡಿಸಿದರು. ತಕ್ಕಡಿ ಮತ್ತೆ ತೂಗಿತು. ಕೆಂಪು ಸಾಲು ನಿಧಾನವಾಗಿ ಮೇಲೇರಿತು, ಮೇಲೇರಿತು, ಎಲ್ಲ ತಳಿಗಳ ತಲೆಯ ಮೇಲೆ ಹೋಗಿ ಕೂತಿತು. ಫೋನಿನಲ್ಲಿ ಹರನಾಳಗಿ ಕೇಕೆ ಹಾಕಿತು. ಮಹಾನಂದಾಳ ಕಣ್ಣು ತುಂಬಿಬಂದವು, ಒರೆಸಿಕೊಳ್ಳಲಿಲ್ಲ.

ದೇಸಾಯರ ಮುಖವೂ ಅರಳಿತ್ತು. ಆದರೆ ರೂಢಿ ಬಿಡಬೇಕಲ್ಲ. "ಭೇಷ್, ಭೇಷ್! ಇಷ್ಟಾದ್ರ ಆಯ್ತು. ಮುಂದಿನ ವರ್ಷ ಸುತ್ತಲೂ ತಂತಿಬೇಲಿ ಹಾಕಿಸಿಬಿಡೋಣ, ಪೂರಾ ಕಾಳು ಚೀಲಕ್ಕೇ ಬರ್ತದ. ಕರಾರೂ ಉಳೀತದ, ತಳಿನೂ ಉಳೀತದ."

ಕೂಟದ ನಿಯಮವೂ ಅದನ್ನೇ ಹೇಳುತ್ತಿತ್ತು. ಕೀಟ ಬಿದ್ದ ತಳಿಯನ್ನು ಮುಂದುವರಿಸಬೇಕಾದರೆ ಕೀಟದ ಹೆಸರು ಹೇಳಬೇಕು, ಅದನ್ನು ತಡೆಯುವ ಉಪಾಯ ಹೇಳಬೇಕು. ಹೇಳಿದ ಮೇಲೆಯೇ ಎಚ್ಚರದ ನೀರು. ತಕ್ಕಡಿ ತಡಮಾಡದೆ ಕೇಳಿತು.

"ಕೀಟದ ಹೆಸರು?"

"ಮನುಷ್ಯ," ಎಂದಳು ಮಹಾನಂದಾ.

"ನಿಯಂತ್ರಣ ಕ್ರಮ?"

"ಬೇಲಿ ಅನ್ರಿ," ಎಂದು ದೇಸಾಯರು ಪಿಸುಗುಟ್ಟಿದರು. "ಒಂದು ಶಬ್ದ. ಅಂದುಬಿಡ್ರಿ, ಮುಗೀತದ."

ಒಂದು ಶಬ್ದವೇ, ನಿಜ. ಹೊಲದಲ್ಲಿ ಎಲ್ಲರೂ ಫೋನಿನ ಸುತ್ತ ಮುಗಿಬಿದ್ದು ಕಾಯುತ್ತಿದ್ದರು. ಹುಸೇನಬಿ ಆಗಲೇ ಬೇಡವೆಂದು ತಲೆ ಅಲ್ಲಾಡಿಸುತ್ತಿದ್ದಳು. ಬೇಲಿ ಬಂದರೆ ತಳಿ ಉಳಿದೀತು. ಆ ಸೀಮೆಯ ದಾರಿಹೋಕನ ಕೈಗೆ ಹಸಿ ಕಾಯಿ ಮತ್ತೆ ಸಿಗಲಾರದು. ಇಲ್ಲ ಅಂದರೆ ತಕ್ಕಡಿ ಹನ್ನೊಂದನ್ನು ಮತ್ತೆ ಕೆಳಗಿಳಿಸೀತು. ಮಹಾನಂದಾ ಪರದೆಯತ್ತ ತಿರುಗಿದಳು.

"ಬೇಲಿ ಹಾಕಂಗಿಲ್ಲ. ಬರಕೋ."

"ನಿಯಂತ್ರಣ ಕ್ರಮವಿಲ್ಲದೆ ಮುಂದುವರಿಸಲಾಗದು," ಎಂದಿತು ತಕ್ಕಡಿ. "ಕೀಟವನ್ನು ಹೇಗೆ ಎದುರಿಸುವಿರಿ?"

"ಇನ್ನೂ ನಾಕು ಸಾಲು ಹೆಚ್ಚಿಗಿ ಬಿತ್ತಿ."

ತಕ್ಕಡಿಗೆ ಅದು ಅರ್ಥವಾಗಲಿಲ್ಲ. ಮತ್ತೊಮ್ಮೆ ಕೇಳಿತು. ಮಹಾನಂದಾ ಅದನ್ನೇ ಹೇಳಿದಳು. ದೇಸಾಯರು ತಲೆಯ ಮೇಲೆ ಕೈಹೊತ್ತು ಕುರ್ಚಿಗೆ ಒರಗಿದರು. ಆ ಮಾತು ಐದು ಭಾಷೆಗೆ ತಿರುಗಿ ಐದು ದೇಶಗಳಿಗೆ ಹೋಯಿತು. ಚಿಸೊಮೊ ಎರಡೂ ಕೈ ಎತ್ತಿದಳು, ಉಳಿದವರೆಲ್ಲ ಅಧ್ಯಕ್ಷೆಯ ಮುಖ ನೋಡಿದರು. ಖಿನ್ ಥಿರಿ ಅವತ್ತು ಮೊದಲ ಬಾರಿಗೆ ಬಾಯಿ ತೆರೆದು, ಯಾರ ಕಡೆಗೂ ನೋಡದೆ ಯಂತ್ರಕ್ಕೇ ಹೇಳಿದರು:

"ಆಕೆ ಹೇಳಿದ್ದು ಕೇಳಿಸಿತಲ್ಲ? ಹಾಗೇ ಬರೆದುಕೋ."

ತಕ್ಕಡಿ ಬರೆದುಕೊಂಡಿತು. ಗೋಡೆಯ ಆಚೆ ಹನ್ನೊಂದರ ಎಚ್ಚರದ ನೀರು ಕಲಸುವ ಪಂಪು ಗುರ್ ಎಂದು ಶುರುವಾಯಿತು.